ಸೋಡಾ ಕಾರ್ಖಾನೆಯಿಂದ ಗೋಖಲೆ ಸಂಸ್ಥೆಯವರೆಗೆ: ಡಿ.ವಿ.ಜಿ. ಅವರ ಓದಿನ ದಾರಿ

ಡಿ.ವಿ. ಗುಂಡಪ್ಪನವರ ಹೆಸರು ಹೇಳಿದೊಡನೆ ನಮಗೆಲ್ಲ ನೆನಪಾಗುವುದು ಮಂಕುತಿಮ್ಮನ ಕಗ್ಗ. ಕೋಲಾರ ಜಿಲ್ಲೆಯ ಶಾಲೆಗಳಲ್ಲಿ ಅವರ ಬಗ್ಗೆ ಭಾಷಣವೆಂದರೆ ಹುಟ್ಟಿದ ಊರು, ಬರೆದ ಪುಸ್ತಕಗಳು, ಬಂದ ಪ್ರಶಸ್ತಿಗಳು, ಇಷ್ಟರಲ್ಲಿ ಮುಗಿಯುತ್ತದೆ. ಆದರೆ ಶಿಕ್ಷಕರಾಗಲು ಹೊರಟಿರುವ ನಮಗೆ ಅವರ ಬಾಳಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಪ್ರಶಸ್ತಿಗಳ ಭಾಗವಲ್ಲ. ಮೆಟ್ರಿಕ್ಯುಲೇಷನ್ ದಾಟಲಾರದ ಹುಡುಗನೊಬ್ಬ ಊರಿಂದೂರಿಗೆ ಕೆಲಸ ಹುಡುಕಿಕೊಂಡು ಹೋದ ನಾಲ್ಕಾರು ವರ್ಷಗಳ ಭಾಗ. ಆ ವರ್ಷಗಳಲ್ಲಿ ಸ್ವಲ್ಪ ಕಾಲವನ್ನು ಅವರು ಕಳೆದದ್ದು ನಾವು ಬೋಧನಾಭ್ಯಾಸಕ್ಕೆ ಓಡಾಡುವ ಇದೇ ಚಿನ್ನದ ಗಣಿ ಪ್ರದೇಶದಲ್ಲಿ.

ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಹೆಸರಿನ ಮೊದಲ ಅಕ್ಷರ ದೇವನಹಳ್ಳಿಯನ್ನು ಸೂಚಿಸುತ್ತದೆ. ಮುಳಬಾಗಿಲು ಆಗ ರಾಗಿ ಹೊಲಗಳ, ಕೆರೆಗಳ, ದೇವಸ್ಥಾನಗಳ ಸಣ್ಣ ಊರು. ಆಂಧ್ರದ ಗಡಿ ಹತ್ತಿರ ಇರುವುದರಿಂದ ಬೀದಿಯಲ್ಲಿ ಕನ್ನಡದಷ್ಟೇ ತೆಲುಗೂ ಕೇಳಿಸುತ್ತದೆ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಗೆ ಇಲ್ಲ. ಮಳೆ ಬಂದು ಕೆರೆ ತುಂಬಿದರೆ ಬೆಳೆ, ಇಲ್ಲವಾದರೆ ಹೊಟ್ಟೆಪಾಡಿಗೆ ಬೇರೆ ಊರು. ಓದು ಮುಂದುವರಿಸುವವರಿಗೂ ಊರು ಬಿಡದೆ ಗತಿ ಇರಲಿಲ್ಲ. ಗುಂಡಪ್ಪನವರು ಮೈಸೂರಿಗೆ ಹೋದರು, ಆಮೇಲೆ ಕೋಲಾರದ ಪ್ರೌಢಶಾಲೆಗೆ ಸೇರಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಅವರ ಶಾಲೆಯ ಓದು ಅಲ್ಲಿಗೆ ನಿಂತಿತು.

ಚಿಕ್ಕ ವಯಸ್ಸಿಗೇ ಮದುವೆಯಾಗಿತ್ತು. ಸಂಸಾರದ ಹೊಣೆ ಇತ್ತು, ಕೈಯಲ್ಲಿ ಸರ್ಟಿಫಿಕೇಟು ಇರಲಿಲ್ಲ. ಮುಳಬಾಗಿಲಿನ ಶಾಲೆಯೊಂದರಲ್ಲಿ ಕೆಲಕಾಲ ಬದಲಿ ಮೇಷ್ಟರಾಗಿ ಕೆಲಸ ಮಾಡಿದರು. ನಮ್ಮ ಕಾಲೇಜಿನವರು ಗಮನಿಸಬೇಕಾದ ಸಂಗತಿ ಇದು. ಕನ್ನಡ ನಾಡು ದೊಡ್ಡವರೆಂದು ಒಪ್ಪಿಕೊಂಡ ಈ ವ್ಯಕ್ತಿಯ ಮೊದಲ ಕೆಲಸಗಳಲ್ಲಿ ಒಂದು ನಮ್ಮದೇ. ಅದು ಕಾಯಂ ಆಗುವಂಥದ್ದಲ್ಲ. ಅಲ್ಲಿಂದ ಅವರು ಹೋದದ್ದು ಕೋಲಾರದ ಚಿನ್ನದ ಗಣಿಯ ಸೋಡಾ ಕಾರ್ಖಾನೆಯೊಂದಕ್ಕೆ.

ಆ ಕಾಲದ ಚಿನ್ನದ ಗಣಿಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಇಲ್ಲಿ ಗಣಿಗಾರಿಕೆಯನ್ನು ಕೈಗೆ ತೆಗೆದುಕೊಂಡಿತು. ಮೈಸೂರು ಮೈನ್ಸಿನಲ್ಲಿ ಚಿನ್ನದ ಪದರ ಸಿಕ್ಕಿದ ಮೇಲೆ ಒಂದರ ಪಕ್ಕ ಒಂದು ಗಣಿ ಎದ್ದಿತು. ಆಗ ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ನಮ್ಮ ಬಂಗಾರಪೇಟೆಯಿಂದ ಗಣಿಗೆ ರೈಲು ದಾರಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಕ್ಕಿಂತ ಮೂರು ವರ್ಷ ತಡವಾಗಿ, 1905ರಲ್ಲಿ. ಸುತ್ತಲ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ, ಗಣಿಯಲ್ಲಿ ವಿದ್ಯುತ್ ಯಂತ್ರ. ಹೊಲಗದ್ದೆಗಳ ಊರಿನಲ್ಲಿ ಬೆಳೆದ ಹುಡುಗನಿಗೆ ಅದು ಇನ್ನೊಂದು ಲೋಕದಂತೆ ಇದ್ದಿರಬೇಕು. ಅಂಥ ಜಾಗದಲ್ಲೂ ಅವರ ಕೆಲಸ ಬಹಳ ದಿನ ನಡೆಯಲಿಲ್ಲ.

ಮುಂದಿನ ನಿಲ್ದಾಣ ಬೆಂಗಳೂರು. ಅಲ್ಲಿಯೂ ಮೊದಲು ಸಿಕ್ಕಿದ್ದು ಓದು ಬರಹಕ್ಕೆ ಸಂಬಂಧವಿಲ್ಲದ ಕೆಲಸ, ಜಟಕಾ ಗಾಡಿಗಳಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ. ಆಮೇಲೆ ಸೂರ್ಯೋದಯ ಪ್ರಕಾಶಿಕೆ ಪತ್ರಿಕೆಯ ಮೂಲಕ ಪತ್ರಿಕಾವೃತ್ತಿಗೆ ಬಂದರು. ಅಲ್ಲಿಂದ ಅವರ ಕಾಲು ನೆಲದ ಮೇಲೆ ನಿಂತಿತು. 1910ರ ದಶಕದಲ್ಲಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ನಡೆಸಿದರು. ಮೆಟ್ರಿಕ್ಯುಲೇಷನ್ ದಾಟದವರು ಇಂಗ್ಲಿಷ್ ಪತ್ರಿಕೆಯ ಸಂಪಾದಕರಾಗಿ ಮೈಸೂರು ಸಂಸ್ಥಾನದ ಆಡಳಿತದ ಒಳಿತು ಕೆಡುಕುಗಳನ್ನು ಬರೆದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಅವರ ಮಾತಿಗೆ ಬೆಲೆ ಕೊಡುತ್ತಿದ್ದರು.

ಇದು ಹೇಗೆ ಸಾಧ್ಯವಾಯಿತು? ಶಾಲೆ ನಿಂತ ಮೇಲೆ ಓದು ನಿಲ್ಲಲಿಲ್ಲ ಎಂಬುದೇ ಉತ್ತರ. ಸಂಸ್ಕೃತವನ್ನು ಅವರು ವಿದ್ವಾಂಸರ ಬಳಿಗೆ ಹೋಗಿ ಕಲಿತರು. ಚಪ್ಪಲ್ಲಿ ವಿಶ್ವೇಶ್ವರ ಶಾಸ್ತ್ರಿಗಳು, ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳು ಅವರಿಗೆ ಗುರುಗಳಾದರು. ಇಂಗ್ಲಿಷನ್ನು ಪುಸ್ತಕಗಳಿಂದ, ಪತ್ರಿಕೆಯ ದಿನನಿತ್ಯದ ಕೆಲಸದಿಂದ ಬಲಪಡಿಸಿಕೊಂಡರು. ರಾಜ್ಯಶಾಸ್ತ್ರವನ್ನು ಓದಿ, ಕನ್ನಡದಲ್ಲಿ ಅದಕ್ಕೆ ತಕ್ಕ ಮಾತು ಹುಡುಕಿ, ಸಾಮಾನ್ಯ ಓದುಗರಿಗಾಗಿ ಬರೆದರು.

ಮನೆಯ ಬದುಕು ಸುಲಭವಾಗಿರಲಿಲ್ಲ. 1924ರಲ್ಲಿ ಪತ್ನಿ ಭಾಗೀರಥಮ್ಮ ತೀರಿಕೊಂಡರು. ಗುಂಡಪ್ಪನವರಿಗೆ ಆಗ ಮೂವತ್ತೇಳು ವಯಸ್ಸು. ಮತ್ತೆ ಮದುವೆಯಾಗಲಿಲ್ಲ. ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿಯಾದರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಪ್ರಾಂಶುಪಾಲರಾದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಸಸ್ಯಶಾಸ್ತ್ರ ಕಲಿಸಿದ ಅನುಭವವನ್ನು ಹಸುರು ಹೊನ್ನು ಪುಸ್ತಕದಲ್ಲಿ ನಗುನಗುತ್ತಾ ಹೇಳಿದ್ದಾರೆ. ವಿಜ್ಞಾನ ಬೋಧನೆಯ ನಾವೆಲ್ಲರೂ ಓದಬೇಕಾದ ಪುಸ್ತಕ ಅದು. ತಂದೆಗೆ 1967ರಲ್ಲಿ, ಮಗನಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಡಿ.ವಿ.ಜಿ. ಅಧ್ಯಕ್ಷರಾಗಿದ್ದರು. 1943ರಲ್ಲಿ ಮಂಕುತಿಮ್ಮನ ಕಗ್ಗ ಹೊರಬಂತು. ಮೆಟ್ರಿಕ್ಯುಲೇಷನ್ ಪರೀಕ್ಷೆ ಕೈಬಿಟ್ಟವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1974ರಲ್ಲಿ ಪದ್ಮಭೂಷಣ ಬಂತು. ಮರುವರ್ಷ ಅಕ್ಟೋಬರ್ 7ರಂದು ಅವರು ತೀರಿಕೊಂಡರು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 1945ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಅಲ್ಲಿ ಗ್ರಂಥಾಲಯವಿತ್ತು, ಉಪನ್ಯಾಸಗಳಿದ್ದವು, ತರುಣರನ್ನು ಕೂರಿಸಿಕೊಂಡು ಪುಸ್ತಕ ಓದಿಸುವ ಅಧ್ಯಯನ ಗೋಷ್ಠಿಗಳಿದ್ದವು. 1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ಒಪ್ಪಿಸಿದ ನಿಧಿಯನ್ನು ಅವರು ಮನೆಗೆ ಒಯ್ಯಲಿಲ್ಲ, ಈ ಸಂಸ್ಥೆಗೇ ಕೊಟ್ಟರು. ಶಾಲೆಯ ಹೊರಗೆ ತಮಗೆ ಸಿಕ್ಕಿದ ಗುರುಗಳನ್ನೂ ಪುಸ್ತಕಗಳನ್ನೂ ಮುಂದಿನವರಿಗೆ ಒಂದೇ ಸೂರಿನಡಿ ದೊರಕಿಸಿದರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಬೆಂಗಳೂರಿನಲ್ಲಿ ಬೆಳೆದು, ಅಲ್ಲೇ ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಓದಲು ಇಪ್ಪತ್ತನಾಲ್ಕನೇ ವಯಸ್ಸಿಗೆ ಬಂಗಾರಪೇಟೆಗೆ ಬಂದವರ ಪೈಕಿ ನಾನೂ ಒಂದು. ಡಿ.ವಿ.ಜಿ. ಹೋದ ದಾರಿಗೆ ನನ್ನದು ತಿರುಗು ದಾರಿ. ಬಾಡಿಗೆ ಕೋಣೆಯ ಹಿಂದೆ ಹಿಪ್ಪುನೇರಳೆ ತೋಟ, ಮುಂದೆ ಟೊಮೇಟೊ ಕ್ರೇಟು ಹೇರಿದ ಗಾಡಿಗಳು. ಬೆಳಗಿನ ಜಾವ ರೈಲ್ವೆ ಸ್ಟೇಷನ್ನಿನಲ್ಲಿ ನಿಂತರೆ, ಮಾರಿಕುಪ್ಪಂ ಕಡೆಯಿಂದ ಬರುವ ಬಂಡಿಯಲ್ಲಿ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗುವವರ ಗುಂಪು ಕಾಣುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಅನ್ನ ಆ ರೈಲಿನಲ್ಲೇ ಬರುತ್ತಿದೆ. ನನ್ನ ತರಗತಿಯ ಮಕ್ಕಳು ಆ ಮನೆಗಳಿಂದ, ಸುತ್ತಲಿನ ರೈತರ ಮನೆಗಳಿಂದ ಬರುವವರು. ಮನೆಯಲ್ಲಿ ತೆಲುಗು, ತಮಿಳು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ.

ಒಂಬತ್ತನೇ ತರಗತಿಗೆ ದ್ರಾವಣಗಳ ಪಾಠ ಮಾಡುವಾಗ ಡಿ.ವಿ.ಜಿ. ಅವರ ಸೋಡಾ ಕಾರ್ಖಾನೆಯ ಕಥೆಯನ್ನು ಸೇರಿಸಿದೆ. ಒಂದು ಗೋಲಿ ಸೋಡಾ ಸೀಸೆ ತಂದಿದ್ದೆ. ಒತ್ತಡ ಹೆಚ್ಚಿದಂತೆ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಹೆಚ್ಚು ಕರಗುತ್ತದೆ. ಒಳಗಿನ ಅನಿಲವೇ ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಗೋಲಿ ಒತ್ತಿದಾಗ ಒತ್ತಡ ಇಳಿದು ಅನಿಲ ಗುಳ್ಳೆಯಾಗಿ ಹೊರಬರುತ್ತದೆ. ಮಕ್ಕಳಿಗೆ ಪಾಠ ಹಿಡಿಸಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಫೇಲಾದವರೇ ಇಷ್ಟು ದೊಡ್ಡವರಾದರಲ್ಲ, ಹಾಗಾದರೆ ಹತ್ತನೇ ತರಗತಿ ಯಾಕೆ ಓದಬೇಕು ಎಂದು ಕೇಳಿದ. ಅವನ ಅಣ್ಣ ಓದು ಬಿಟ್ಟು ನರಸಾಪುರದ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನೆ. ಇವನೂ ಅದೇ ಲೆಕ್ಕಾಚಾರದಲ್ಲಿದ್ದ. ತಮಾಷೆಗೆ ಕೇಳಿದ ಪ್ರಶ್ನೆ ಅದಾಗಿರಲಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು. ಅದೇ ಸೋಡಾ ಕಾರ್ಖಾನೆಯಲ್ಲಿ, ಅದೇ ಜಟಕಾ ಕಾರ್ಖಾನೆಯಲ್ಲಿ ಇನ್ನೂ ಹಲವರು ದುಡಿದಿರುತ್ತಾರೆ, ಅವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಗುಂಡಪ್ಪನವರನ್ನು ಮೇಲೆತ್ತಿದ್ದು ಫೇಲಾದದ್ದಲ್ಲ, ಫೇಲಾದ ಮೇಲೂ ಪುಸ್ತಕ ಬಿಡದೆ ಇದ್ದದ್ದು ಮತ್ತು ಕಲಿಸುವವರು ಸಿಕ್ಕಿದ್ದು. ಕೆಲಸಕ್ಕೆ ಹೋಗುವುದು ಅವಮಾನವಲ್ಲ. ಆದರೆ ಹತ್ತನೇ ತರಗತಿ ಮುಗಿಸಿ ಹೋದವನಿಗೆ ಐ.ಟಿ.ಐ., ಡಿಪ್ಲೊಮಾಗಳ ಬಾಗಿಲು ತೆರೆದಿರುತ್ತದೆ. ಬಿಟ್ಟು ಹೋದವನು ಆ ಬಾಗಿಲನ್ನು ತಾನೇ ತಳ್ಳಿ ತೆಗೆಯಬೇಕಾಗುತ್ತದೆ. ಹುಡುಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮಾರನೆಯ ದಿನ ಶಾಲೆಗೆ ಬಂದಿದ್ದ.

ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ಮನವಿ. ಮಹನೀಯರ ಬಾಳನ್ನು ತರಗತಿಗೆ ತರುವಾಗ ಸೋಲಿನಿಂದ ಗೆಲುವಿಗೆ ಒಂದೇ ನೆಗೆತದಲ್ಲಿ ಹಾರಿಬಿಡಬಾರದು. ನಡುವಿನ ವರ್ಷಗಳಲ್ಲಿ ಯಾವ ಕೆಲಸ ಮಾಡಿದರು, ಯಾರ ಬಳಿ ಕಲಿತರು, ಯಾವಾಗ ಓದಿದರು ಎಂಬುದನ್ನು ಹೇಳಬೇಕು. ಮಕ್ಕಳು ಅಳೆದು ನೋಡುವುದು ಆ ವರ್ಷಗಳನ್ನೇ. ನಾಳೆ ನಾವು ಕಲಿಸುವ ಊರಿನಲ್ಲೂ ಪರೀಕ್ಷೆ ದಾಟದ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಶಾಲೆ ಬಿಟ್ಟ ಮೇಲೂ ಅವರು ಬಂದು ಕೇಳಬಹುದಾದ ಒಬ್ಬರು ಮೇಷ್ಟರೋ ಟೀಚರೋ ಊರಿನಲ್ಲಿ ಇರಬೇಕು. ಆ ಒಬ್ಬರು ನಾವೇ ಆಗಬಹುದು.