ಹೆಸರುಗಳ ಲೆಕ್ಕ ಬರೆದ ಜಾನ್ ಪೋಸ್ಟೆಲ್

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ನಮಗೆಲ್ಲ ದಿನಕ್ಕೆ ಒಂದೂವರೆ ಜಿಬಿ ಅಂದ್ರೆ ಎಷ್ಟು ಅಂತ ಚೆನ್ನಾಗಿ ಗೊತ್ತು. ಮಧ್ಯಾಹ್ನದ ಹೊತ್ತಿಗೇ ಅರ್ಧ ಖಾಲಿ, ಅದರಲ್ಲಿ ನಾವು ಕೇಳದೇ ಬಂದ ಜಾಹೀರಾತಿನ ಪಾಲೂ ಇರುತ್ತೆ. ಅದಕ್ಕೇ ನಮ್ಮಲ್ಲಿ ಹಲವರು ಫೋನ್ ಸೆಟ್ಟಿಂಗ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಆಡ್‌ಗಾರ್ಡ್‌ನಂಥ ಸರ್ವರ್ ಹೆಸರು ಹಾಕಿಟ್ಟಿದ್ದೇವೆ. ಪರೀಕ್ಷೆಗೆ ಡಿಎನ್‌ಎಸ್ ಓದ್ತೀವಿ. ಅದರ ಹಿಂದಿದ್ದ ಉದ್ದ ಗಡ್ಡದ ಮನುಷ್ಯನನ್ನು ಓದೋದಿಲ್ಲ.

ಜಾನ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ಯುಸಿಎಲ್‌ಎನಲ್ಲಿ ನಮ್ಮ ಹಾಗೇ ಎಂಜಿನಿಯರಿಂಗ್ ಓದಿದರು. 1969ರಲ್ಲಿ ಅರ್ಪಾನೆಟ್‌ನ ಮೊದಲ ನೋಡ್ ಅದೇ ಕ್ಯಾಂಪಸ್‌ಗೆ ಬಂದಾಗ ಅವರಿನ್ನೂ ವಿದ್ಯಾರ್ಥಿ. ಯಾವ ಕೆಲಸಕ್ಕೆ ಯಾವ ನಂಬರ್ ಕೊಟ್ಟಿದ್ದೇವೆ ಅಂತ ಯಾರಾದರೂ ಬರೆದಿಡಬೇಕಿತ್ತು. ಪೋಸ್ಟೆಲ್ ಬರೆದಿಡತೊಡಗಿದರು. ನಮ್ಮ ಕಡೆ ಊರ ಹೊಲಗಳ ಲೆಕ್ಕ ಕುಲಕರ್ಣಿ ಕೈಯಲ್ಲಿ ಇರ್ತಿತ್ತಲ್ಲ, ಹಾಗೆ. ಇಂಟರ್ನೆಟ್‌ನ ನಿಯಮಗಳನ್ನು ದಾಖಲಿಸುವ ಆರ್‌ಎಫ್‌ಸಿಗಳ ಸಂಪಾದಕರೂ ಅವರೇ, ಕೊನೆಯವರೆಗೆ.

ಆಗ ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಎಲ್ಲರೂ ಅದನ್ನೇ ಇಳಿಸಿಕೊಳ್ಳಬೇಕು. ಕಂಪ್ಯೂಟರ್‌ಗಳು ಹೆಚ್ಚಿದಂತೆ ಇದು ನಡೆಯದಾಯಿತು. ಐಎಸ್‌ಐ ಸಂಸ್ಥೆಯಲ್ಲಿದ್ದ ಪೋಸ್ಟೆಲ್, ದಾರಿ ಹುಡುಕುವ ಕೆಲಸವನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್‌ಗೆ ಒಪ್ಪಿಸಿದರು. 1983ರಲ್ಲಿ ಡಿಎನ್‌ಎಸ್ ಬಂತು. ವಿನ್ಯಾಸ ಮೊಕಪೆಟ್ರಿಸ್ ಅವರದು. ಯಾವ ದೇಶದ ಹೆಸರು ಯಾರ ಪಾಲಿಗೆ ಅನ್ನುವ ಪಟ್ಟಿ ಕಾಯ್ದವರು ಪೋಸ್ಟೆಲ್. ನಮ್ಮ ಡಾಟ್ ಇನ್ 1989ರಲ್ಲಿ ಆ ಪಟ್ಟಿ ಸೇರಿತು.

ಡಿಎನ್‌ಎಸ್‌ನಲ್ಲಿ ಫೋನ್ ಹೆಸರು ಕೇಳ್ತದೆ, ರಿಸಾಲ್ವರ್ ವಿಳಾಸ ಹೇಳ್ತದೆ. ಯಾರನ್ನು ಕೇಳಬೇಕು ಅನ್ನೋದು ನಮ್ಮ ಇಷ್ಟ. ಫಿಲ್ಟರ್ ಮಾಡುವ ರಿಸಾಲ್ವರ್, ಜಾಹೀರಾತಿನ ಹೆಸರು ಬಂದ್ರೆ 0.0.0.0 ಅಂತಲೋ, ಅಂಥ ಹೆಸರೇ ಇಲ್ಲ ಅಂತಲೋ ಸುಳ್ಳು ಹೇಳಿಬಿಡ್ತದೆ. ವಿಳಾಸ ಸಿಗದ ಮೇಲೆ ಫೋನ್ ಅದನ್ನು ತರೋಕೆ ಹೋಗೋದೇ ಇಲ್ಲ, ಡೇಟಾ ಉಳೀತು. (ಯೂಟ್ಯೂಬ್‌ನಲ್ಲಿ ಈ ಆಟ ನಡೆಯೋದಿಲ್ಲ ನೋಡ್ರಿ, ಅಲ್ಲಿ ಜಾಹೀರಾತೂ ವಿಡಿಯೊ ಬರುವ ಸರ್ವರಿನಿಂದಲೇ ಬರ್ತದೆ.) ಆದರೆ ನಾವು ಎಲ್ಲೆಲ್ಲಿಗೆ ಹೋಗ್ತೀವಿ ಅನ್ನೋದೂ ಆ ಒಬ್ಬನಿಗೆ ಗೊತ್ತಾಗ್ತದೆ. ಉತ್ತರ ಕೊಡುವವನ ಕೈಯಲ್ಲಿ ಎಷ್ಟು ಅಧಿಕಾರ ಇರ್ತದೆ ಅನ್ನೋದನ್ನ ಪೋಸ್ಟೆಲ್ ಬದುಕಿನ ಕೊನೇ ವರ್ಷದಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸೋದಿಲ್ಲ.

1995ರಲ್ಲಿ ಹೆಸರು ನೋಂದಾಯಿಸುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ವರ್ಷಕ್ಕೆ 50 ಡಾಲರ್ ವಸೂಲಿ ಶುರು ಮಾಡಿತು. ಹೆಸರುಗಳ ಬೇರು ಯಾರದು ಅನ್ನೋ ಜಗಳ ಜೋರಾಯಿತು. ಮೂಲ ಪಟ್ಟಿಯ ಸರ್ವರ್ ಇದ್ದದ್ದು ಆ ಕಂಪನಿಯಲ್ಲೇ. ಉಳಿದ ರೂಟ್ ಸರ್ವರ್‌ಗಳು ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದವು. 1998ರ ಜನವರಿ ಕೊನೆಯಲ್ಲಿ ಪೋಸ್ಟೆಲ್ ಎಂಟು ರೂಟ್ ಸರ್ವರ್ ನಡೆಸುತ್ತಿದ್ದವರಿಗೆ ಒಂದು ಇಮೇಲ್ ಕಳಿಸಿದರು: ಇನ್ಮೇಲೆ ಪಟ್ಟಿಯನ್ನು ನಮ್ಮ ಸರ್ವರಿನಿಂದ ತಗೊಳ್ಳಿ ಅಂತ. ಎಂಟೂ ಮಂದಿ ಒಪ್ಪಿದರು. ಅವರಿಗೆ ಹಾಗೆ ಹೇಳುವ ಕಾನೂನಿನ ಬಲವೇನೂ ಪೋಸ್ಟೆಲ್‌ಗೆ ಇರಲಿಲ್ಲ, ಇದ್ದದ್ದು ಮೂರು ದಶಕ ಲೆಕ್ಕ ತಪ್ಪದೆ ಬರೆದ ನಂಬಿಕೆ ಮಾತ್ರ. ಎರಡೂ ಕಡೆ ಪಟ್ಟಿ ಒಂದೇ ಆಗಿದ್ದರಿಂದ ಬಳಸುವವರಿಗೆ ಏನೂ ತಿಳಿಯಲಿಲ್ಲ. ಅಮೆರಿಕ ಸರ್ಕಾರಕ್ಕೆ ಮಾತ್ರ ತಿಳಿಯಿತು. ಅಧ್ಯಕ್ಷರ ಸಲಹೆಗಾರ ಐರಾ ಮ್ಯಾಗಜಿನರ್ ಗದರಿದ ಮೇಲೆ, ಇದೊಂದು ಪರೀಕ್ಷೆ ಎಂದು ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ನಿಜಕ್ಕೂ ಪರೀಕ್ಷೆಯೇ? ನಮಗಂತೂ ಅನುಮಾನ.

ಆ ಸೆಪ್ಟೆಂಬರ್‌ನಲ್ಲಿ ಪಟ್ಟಿ ನೋಡಿಕೊಳ್ಳಲು ಐಕ್ಯಾನ್ ಸಂಸ್ಥೆ ಹುಟ್ಟಿತು. ಎರಡೇ ವಾರ ಕಳೆದು, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರ ಪೋಸ್ಟೆಲ್ ತೀರಿಕೊಂಡರು. 55 ವರ್ಷ. ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಅವರೇ ಸಂಪಾದಿಸುತ್ತಿದ್ದ ಸರಣಿಯಲ್ಲಿ ಬಂತು, ಆರ್‌ಎಫ್‌ಸಿ 2468 ಆಗಿ.