ಪದಕ ಗೆದ್ದ ಪೈಲ್ವಾನನಿಗೆ ಪಿಂಚಣಿಯೇ ಕೊನೆಯ ಕುಸ್ತಿ

ಅಕ್ಕಮಹಾದೇವಿಯ ಉಡುತಡಿಯನ್ನು ಮಡಿಲಲ್ಲಿಟ್ಟುಕೊಂಡ ಶಿಕಾರಿಪುರ, ಸೊರಬದ ಸೀಮೆಯಿಂದ ಹಿಡಿದು ದಾವಣಗೆರೆ, ಧಾರವಾಡ, ಬೆಳಗಾವಿಯವರೆಗೆ ಜಾತ್ರೆಗೂ ಕುಸ್ತಿಗೂ ಬಿಡದ ನಂಟು. ಕೆಮ್ಮಣ್ಣಿನ ಅಖಾಡದಲ್ಲಿ ಗೆದ್ದವನಿಗೆ ಬೆಳ್ಳಿ ಕಡಗ, ಹೆಗಲ ಮೇಲೆ ಮೆರವಣಿಗೆ, ಊರ ತುಂಬ ಹೆಸರು. ಮೈಯಲ್ಲಿ ಕಸುವು ಇರುವಷ್ಟು ದಿನ ಹಾಲು, ತುಪ್ಪ, ಬಾದಾಮಿಗೆ ಯಾರಾದರೂ ದಣಿಗಳು ಸಿಕ್ಕಿಯಾರು. ಮಂಡಿ ಸವೆದು ಅಖಾಡ ಬಿಟ್ಟ ಮೇಲೆ ಆ ಪೈಲ್ವಾನ ಏನನ್ನು ಉಂಡ, ಯಾವ ಸೂರಿನಡಿ ಮಲಗಿದ ಎಂದು ವಿಚಾರಿಸಿದವರು ಕಡಿಮೆ. ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಬೆಳಗಾವಿಯ ಗಡಿ ದಾಟಿ, ಕೊಲ್ಹಾಪುರದ ಆಚೆಗಿರುವ ಕರಾಡ ತಾಲ್ಲೂಕಿನ ಗೋಳೇಶ್ವರವೆಂಬ ಹಳ್ಳಿಗೆ ಹೋಗಬೇಕು. ಸ್ವತಂತ್ರ ಭಾರತಕ್ಕೆ ಮೊಟ್ಟಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದುಕೊಟ್ಟ ಖಾಶಾಬಾ ದಾದಾಸಾಹೇಬ ಜಾಧವ್ ಹುಟ್ಟಿದ್ದು ಅಲ್ಲಿ, 1926ರ ಜನವರಿ 15ರಂದು.

ತಂದೆ ದಾದಾಸಾಹೇಬರೂ ಪೈಲ್ವಾನರೇ. ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕಿರಿಯವರು. ಕರಾಡದ ತಿಲಕ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲಕ್ಕೆ ಕ್ವಿಟ್ ಇಂಡಿಯಾ ಚಳವಳಿ ಕಾವೇರಿತ್ತು. ಭೂಗತರಾಗಿದ್ದ ಹೋರಾಟಗಾರರಿಗೆ ನೆರವಾದವರಲ್ಲಿ ಈ ಹುಡುಗನೂ ಒಬ್ಬ. ಮುಂದೆ ಕೊಲ್ಹಾಪುರದ ರಾಜಾರಾಮ್ ಕಾಲೇಜು ಸೇರಿದರು. ನಮ್ಮ ವಿ.ಕೃ. ಗೋಕಾಕರೂ ಒಮ್ಮೆ ಪ್ರಾಂಶುಪಾಲರಾಗಿದ್ದ ಕಾಲೇಜು ಅದು. ಶಾಹೂ ಮಹಾರಾಜರ ಕಾಲದಿಂದ ಕುಸ್ತಿಯ ಕಾಶಿಯೆನಿಸಿದ್ದ ಆ ಊರಿಗೆ ಉತ್ತರ ಕರ್ನಾಟಕದ ಪೈಲ್ವಾನರೂ ತಾಲೀಮಿಗೆಂದು ಹೋಗುತ್ತಿದ್ದರು. ಎತ್ತರದಲ್ಲಿ ಗಿಡ್ಡನಾದ, ತೂಕದಲ್ಲಿ ಹಗುರನಾದ ಖಾಶಾಬಾನ ಬಂಡವಾಳವೆಂದರೆ ಚುರುಕು ಮತ್ತು ಪಟ್ಟು ಹಾಕುವ ಜಾಣ್ಮೆ.

1948ರ ಲಂಡನ್ ಒಲಿಂಪಿಕ್ಸಿಗೆ ಹೋಗುವ ಖರ್ಚನ್ನು ಕೊಲ್ಹಾಪುರದ ಮಹಾರಾಜರು ಭರಿಸಿದರು. ಮಣ್ಣಿನಲ್ಲಿ ಬೆಳೆದ ಕಾಲುಗಳಿಗೆ ಮ್ಯಾಟ್ ಹೊಸದು, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಆದರೂ ಫ್ಲೈವೇಟ್ ವಿಭಾಗದಲ್ಲಿ ಆರನೆಯ ಸ್ಥಾನ ದಕ್ಕಿತು.

ನಾಲ್ಕು ವರ್ಷಗಳ ನಂತರದ ಹೆಲ್ಸಿಂಕಿ ಪಯಣ ಇಷ್ಟು ಸಲೀಸಾಗಿರಲಿಲ್ಲ. ಮದ್ರಾಸಿನ ಆಯ್ಕೆ ಸ್ಪರ್ಧೆಯಲ್ಲಿ ತಮಗೆ ಅನ್ಯಾಯವಾಯಿತೆಂದು ಖಾಶಾಬಾ ಪಟಿಯಾಲದ ಮಹಾರಾಜರ ತನಕ ದೂರು ಒಯ್ದರು. ಮತ್ತೊಮ್ಮೆ ಪಂದ್ಯ ನಡೆದು, ಎದುರಾಳಿಯನ್ನು ಮಣಿಸಿ ತಂಡಕ್ಕೆ ಸೇರಿದರು. ಅಷ್ಟರಲ್ಲಿ ಸಂಸ್ಥಾನಗಳು ಕರಗಿ ಹೋಗಿದ್ದವು. ಕೇಳಿದೊಡನೆ ಕೊಡುವ ಅರಸರು ಇರಲಿಲ್ಲ. ಕೊಲ್ಹಾಪುರವೂ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೂ ಆಗ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಬೇಕಾದ ಹಣ ಆ ಸರ್ಕಾರದಿಂದ ಸಕಾಲಕ್ಕೆ ಬರಲಿಲ್ಲ. ಊರವರು, ಅಂಗಡಿಯವರು ಕೈಲಾದಷ್ಟು ಕೊಟ್ಟರು. ಸಾಲದೇ ಹೋದಾಗ, ಖಾಶಾಬಾನ ಹಿಂದಿನ ಪ್ರಾಂಶುಪಾಲ ಖರ್ಡೀಕರ್ ಅವರು ತಮ್ಮ ಸ್ವಂತ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ವಿದ್ಯಾರ್ಥಿಯೊಬ್ಬನ ಕುಸ್ತಿಗಾಗಿ ಮನೆ ಒತ್ತೆಯಿಟ್ಟ ಮೇಷ್ಟರ ಹೆಸರಿನಲ್ಲಿ ಈ ದೇಶದಲ್ಲೊಂದು ಕ್ರೀಡಾ ಪ್ರಶಸ್ತಿ ಇದ್ದರೆ ತಪ್ಪೇನಿಲ್ಲ.

ಹೆಲ್ಸಿಂಕಿಯಲ್ಲಿ ಬ್ಯಾಂಟಮ್‌ವೇಟ್ ವಿಭಾಗದ ಫ್ರೀಸ್ಟೈಲ್ ಕುಸ್ತಿ. ಕೆನಡಾದ ಪೋಲಿಕ್ವಿನ್, ಮೆಕ್ಸಿಕೋದ ಬಸುರ್ತೊ ಮುಂತಾದವರನ್ನು ಖಾಶಾಬಾ ಸೋಲಿಸಿದರು. ಜಪಾನಿನ ಶೊಹಾಚಿ ಇಶಿಯಿ ವಿರುದ್ಧ ದೀರ್ಘ ಕಾದಾಟದ ನಂತರ ಕೂದಲೆಳೆಯಲ್ಲಿ ಸೋತರು. ಚಿನ್ನ ಗೆದ್ದದ್ದು ಆ ಇಶಿಯಿಯೇ. ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೊವ್ ಎದುರಿನ ಪಂದ್ಯಕ್ಕೆ ಮುನ್ನ ನಿಯಮದಂತೆ ಅರ್ಧ ಗಂಟೆಯ ವಿಶ್ರಾಂತಿ ಸಿಗಬೇಕಿತ್ತು. ಅದನ್ನು ಕೇಳಿ ಪಡೆಯಲು ಭಾರತದ ಒಬ್ಬ ಅಧಿಕಾರಿಯೂ ಅಲ್ಲಿ ಹಾಜರಿರಲಿಲ್ಲ. ದಣಿದ ಮೈಯಲ್ಲೇ ಕಣಕ್ಕಿಳಿದು ಸೋತರು. 1952ರ ಜುಲೈ 23ರಂದು ದಕ್ಕಿದ್ದು ಕಂಚು. ಅದೇ ಕೂಟದಲ್ಲಿ ಹಾಕಿ ತಂಡ ಚಿನ್ನ ಗೆದ್ದಿದ್ದರಿಂದ ದೇಶದ ಕಣ್ಣೆಲ್ಲ ಅತ್ತಲೇ ಇತ್ತು. ಮತ್ತೊಂದು ವೈಯಕ್ತಿಕ ಪದಕಕ್ಕೆ ಭಾರತ 1996ರಲ್ಲಿ ಲಿಯಾಂಡರ್ ಪೇಸ್ ಬರುವವರೆಗೆ 44 ವರ್ಷ ಕಾಯಬೇಕಾಯಿತು.

ಕರಾಡ ಮಾತ್ರ ಮರೆಯಲಿಲ್ಲ. ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಸಾಲು, ಡೋಲಿನ ಸದ್ದು; ರೈಲು ನಿಲ್ದಾಣದಿಂದ ಊರಿಗೆ ನಿಮಿಷಗಳಲ್ಲಿ ಮುಗಿಯುವ ಹಾದಿಗೆ ಅಂದು ಗಂಟೆಗಟ್ಟಲೆ ಹಿಡಿಯಿತು. ಹಾರಗಳು ಬಾಡುವ ಮೊದಲೇ ಖಾಶಾಬಾ ಮಾಡಿದ ಕೆಲಸವೆಂದರೆ ಕೊಲ್ಹಾಪುರದಲ್ಲಿ ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ, ತಾವೇ ಸೆಣಸಿ, ಬಂದ ಹಣದಿಂದ ಪ್ರಾಂಶುಪಾಲರ ಮನೆಯನ್ನು ಬಿಡಿಸಿಕೊಟ್ಟದ್ದು. ಪದಕದಿಂದ ಬಂದ ಮೊದಲ ಗಳಿಕೆ ಹೀಗೆ ಸಾಲಕ್ಕೆ ಸಂದಿತು.

1955ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಹುದ್ದೆ ಸಿಕ್ಕಿತು. ಮಂಡಿಯ ಗಾಯದಿಂದಾಗಿ 1956ರ ಮೆಲ್ಬರ್ನ್ ಕೈತಪ್ಪಿತು. ಇಲಾಖೆಯ ಸ್ಪರ್ಧೆಗಳಲ್ಲಿ ಗೆದ್ದರು, ಕ್ರೀಡಾ ತರಬೇತಿ ಕೊಟ್ಟರು. ಬಡ್ತಿ ಮಾತ್ರ ಬಹುಕಾಲ ಅವರತ್ತ ಸುಳಿಯಲಿಲ್ಲ. 27 ವರ್ಷಗಳ ಸೇವೆಯ ಕೊನೆಗೆ ಸಹಾಯಕ ಪೊಲೀಸ್ ಕಮಿಷನರ್ ಆಗಿ ನಿವೃತ್ತರಾದ ಮೇಲೂ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಕ್ರೀಡಾ ಒಕ್ಕೂಟಗಳು ಅವರನ್ನು ಮರೆತೇಬಿಟ್ಟಿದ್ದವು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಜ್ಯೋತಿಯ ಓಟದಲ್ಲಿ ಭಾಗಿಯಾದದ್ದೊಂದು ಅಪವಾದ. ಹಣದ ಮುಗ್ಗಟ್ಟಿನಲ್ಲೇ ದಿನ ದೂಡುತ್ತಿದ್ದ ಅವರು 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ವಯಸ್ಸು 58. ಪತ್ನಿಗೂ ಸರ್ಕಾರದ ನೆರವು ಸುಲಭವಾಗಿ ಸಿಗಲಿಲ್ಲ.

ಇದು ಒಬ್ಬರ ಕತೆಯಲ್ಲ. 1910ರಲ್ಲಿ ಲಂಡನ್ನಿನಲ್ಲಿ ಜಿಬಿಸ್ಕೊನಂತಹ ದೈತ್ಯನನ್ನು ಕಂಗೆಡಿಸಿದ, ನಮ್ಮ ಹಳ್ಳಿಗಳಲ್ಲೂ ಬಲಶಾಲಿಗೆ ಪರ್ಯಾಯವೆಂಬಂತೆ ಹೆಸರಾದ ಗಾಮಾ ಪೈಲ್ವಾನ ದತಿಯಾ, ಪಟಿಯಾಲದ ಅರಸರ ಆಶ್ರಯದಲ್ಲಿ ಮೆರೆದವನು. ದೇಶ ವಿಭಜನೆಯ ನಂತರ ಲಾಹೋರಿನಲ್ಲಿ ಕಾಯಿಲೆ, ಬಡತನಗಳಲ್ಲಿ ನರಳಿದ. ಗಡಿಯ ಈಚೆಯಿಂದ ಉದ್ಯಮಿ ಘನಶ್ಯಾಮದಾಸ್ ಬಿರ್ಲಾ ಮಾಸಿಕ ನೆರವು ಕಳಿಸಬೇಕಾಯಿತು. 1960ರಲ್ಲಿ ಗಾಮಾ ತೀರಿಕೊಂಡ. ಗಾಮಾನಿಗೆ ಅರಸರಿದ್ದರು, ಆಮೇಲೆ ಬಿರ್ಲಾ ಇದ್ದರು. ಖಾಶಾಬಾನಿಗೆ ಇದ್ದದ್ದು ಸರ್ಕಾರಿ ಕಡತ. ಕರ್ನಾಟಕ ಸರ್ಕಾರ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ನೀಡುವ ಪದ್ಧತಿ ಇಟ್ಟುಕೊಂಡಿರುವುದು ಇಂಥ ಬದುಕುಗಳನ್ನು ಕಂಡ ಮೇಲೆ ಸಣ್ಣ ಸಂಗತಿಯೆನಿಸುವುದಿಲ್ಲ. ಅದು ಹಾಲು, ಬಾದಾಮಿಗೆ ಸಾಲುವಷ್ಟಲ್ಲ ಎಂಬ ಮಾತು ಬೇರೆ.

ಸತ್ತ ಮೇಲೆ ಗೌರವಗಳು ಬಂದವು. ಮಹಾರಾಷ್ಟ್ರದ ಶಿವ ಛತ್ರಪತಿ ಪ್ರಶಸ್ತಿ, ಆನಂತರ ಮರಣೋತ್ತರ ಅರ್ಜುನ ಪ್ರಶಸ್ತಿ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಳೆಗೆ ದೆಹಲಿಯ ಇಂದಿರಾಗಾಂಧಿ ಕ್ರೀಡಾ ಸಂಕೀರ್ಣದ ಕುಸ್ತಿ ಅಂಗಣಕ್ಕೆ ಅವರ ಹೆಸರಿಟ್ಟರು. 2023ರ ಜನವರಿ 15ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಬಿಡಿಸಿತು. ಗೋಳೇಶ್ವರದಲ್ಲಿ ಅವರ ಹೆಸರಿನ ಕುಸ್ತಿ ಅಕಾಡೆಮಿ ಕಟ್ಟಿಕೊಡುವುದಾಗಿ ಮಹಾರಾಷ್ಟ್ರ ಸರ್ಕಾರ ಕೊಟ್ಟ ಮಾತು ವರ್ಷಗಟ್ಟಲೆ ಮಾತಾಗಿಯೇ ಉಳಿಯಿತು. ಕಾದು ಬೇಸತ್ತ ಕುಟುಂಬ 2017ರಲ್ಲಿ ಅಕಾಡೆಮಿಗೆ ಹಣ ಹೊಂದಿಸಲು ಹೆಲ್ಸಿಂಕಿಯ ಆ ಕಂಚಿನ ಪದಕವನ್ನೇ ಹರಾಜಿಗಿಡುವುದಾಗಿ ಪ್ರಕಟಿಸಿತು.