ಗದ್ದಿಗೆಯ ಮೇಲಿನ ಸ್ವಾಧ್ಯಾಯಿ – ಶ್ರೀಮದ್ ರಾಜಚಂದ್ರರು

ಸೌರಾಷ್ಟ್ರದ ಮೋರ್ಬಿಯ ಸಮೀಪದಲ್ಲಿರುವ ವವಾಣಿಯಾ ಎಂಬ ಬಂದರು ಗ್ರಾಮದಲ್ಲಿ ಕ್ರಿ.ಶ. 1867ರ ಕಾರ್ತಿಕ ಪೂರ್ಣಿಮೆಯಂದು ಶ್ರೀಮದ್ ರಾಜಚಂದ್ರರು ಜನಿಸಿದರು. ತಂದೆ ರವಜಿಭಾಯಿ, ತಾಯಿ ದೇವಬಾಯಿ. ತಂದೆಯ ಮನೆತನದಲ್ಲಿ ವೈಷ್ಣವ ಭಕ್ತಿಯೂ ತಾಯಿಯ ಮನೆತನದಲ್ಲಿ ಜೈನ ಸಂಸ್ಕಾರವೂ ಇದ್ದುವು. ಏಳನೆಯ ವಯಸ್ಸಿನಲ್ಲಿ ಪರಿಚಿತರೊಬ್ಬರು ಸರ್ಪದಂಶದಿಂದ ಮೃತರಾದಾಗ, ಬಾಲಕನು ಮರವನ್ನೇರಿ ಆ ಚಿತೆಯನ್ನು ನೋಡಿದನೆಂದೂ, ಆಗಲೇ ಅವನಿಗೆ ಜಾತಿಸ್ಮರಣವುಂಟಾಯಿತೆಂದೂ ಚರಿತ್ರಕಾರರು ಹೇಳುತ್ತಾರೆ.

ಹದಿಮೂರನೆಯ ವಯಸ್ಸಿನಿಂದ ಅವರು ತಂದೆಯ ಅಂಗಡಿಯಲ್ಲಿ ಕುಳಿತರು. ಯಾರಿಗೂ ತೂಕದಲ್ಲಿ ಹೆಚ್ಚು ಕಡಿಮೆ ಮಾಡಲಿಲ್ಲ, ಬೆಲೆಯಲ್ಲಿ ಸುಳ್ಳಾಡಲಿಲ್ಲ ಎಂದು ಮುಂದೆ ತಾವೇ ಬರೆದಿಟ್ಟಿದ್ದಾರೆ. ತಕ್ಕಡಿ ಹಿಡಿದವರಿಗೆ ಈ ಮಾತಿನ ಭಾರವು ತಿಳಿಯದಿರದು. ಹದಿನೇಳು ತುಂಬುವ ಮೊದಲೇ 108 ಪಾಠಗಳ ‘ಮೋಕ್ಷಮಾಲಾ’ ಗ್ರಂಥವನ್ನು ಮೂರೇ ದಿನಗಳಲ್ಲಿ ರಚಿಸಿದರು.

ಅವರಿಗೆ ಮೊದಲು ಲಭಿಸಿದ ಕೀರ್ತಿಯು ಮಾತ್ರ ಧರ್ಮದಿಂದ ಬಂದುದಲ್ಲ, ಅದು ಸ್ಮರಣಶಕ್ತಿಯಿಂದ ಬಂದಿತು. 1887ರಲ್ಲಿ ಮುಂಬಯಿಯ ಸಭೆಯೊಂದರಲ್ಲಿ ನೂರು ವಿಷಯಗಳನ್ನು ಏಕಕಾಲದಲ್ಲಿ ಗಮನಿಸಿ ಹೇಳುವ ಶತಾವಧಾನವನ್ನು ನಡೆಸಿ, ಸುವರ್ಣ ಪದಕವನ್ನೂ ವಿದ್ವಾಂಸರ ಪ್ರಶಂಸೆಯನ್ನೂ ಪಡೆದರು. ಯುರೋಪಿಗೆ ಹೋಗಿ ಪ್ರದರ್ಶಿಸಬೇಕೆಂಬ ಸಲಹೆಯೂ ಬಂದಿತು. ಹಣ, ಹೆಸರು ಎರಡೂ ಬಾಗಿಲಲ್ಲಿ ನಿಂತಿದ್ದ ಆ ಕಾಲದಲ್ಲಿಯೇ, ಸುಮಾರು ಇಪ್ಪತ್ತರ ವಯಸ್ಸಿನಲ್ಲಿ, ಅವರು ಅವಧಾನವನ್ನು ಬಿಟ್ಟುಬಿಟ್ಟರು. ಅದರ ಸಾಧನೆಗೂ ಪ್ರದರ್ಶನಕ್ಕೂ ವ್ಯಯವಾಗುವ ಕಾಲವು ಆತ್ಮಚಿಂತನೆಯಿಂದ ಕಸಿದುಕೊಂಡ ಕಾಲವೆಂದು ಅವರು ಭಾವಿಸಿದರು. ಅವರ ಜೀವನದಲ್ಲಿ ಇದಕ್ಕಿಂತ ದೊಡ್ಡ ತ್ಯಾಗವಿಲ್ಲವೆಂದು ನನ್ನ ಅಭಿಪ್ರಾಯ. ಇಲ್ಲದುದನ್ನು ಬಿಡುವುದು ಸುಲಭ.

1888ರಲ್ಲಿ ಝಬಕಬಾಯಿಯವರೊಡನೆ ವಿವಾಹವಾಯಿತು. ಬಳಿಕ ರೇವಾಶಂಕರ ಜಗಜೀವನದಾಸರ ಪಾಲುದಾರರಾಗಿ ಮುಂಬಯಿಯಲ್ಲಿ ವಜ್ರ, ಮುತ್ತುಗಳ ವ್ಯಾಪಾರವನ್ನು ಕೈಗೊಂಡರು. ವ್ಯವಹಾರವು ಲಕ್ಷಗಟ್ಟಲೆ ರೂಪಾಯಿಗಳದಾಗಿದ್ದಿತು. 1891ರಲ್ಲಿ ಇಂಗ್ಲೆಂಡಿನಿಂದ ಬ್ಯಾರಿಸ್ಟರಾಗಿ ಮರಳಿದ ಗಾಂಧೀಜಿಯವರು ಡಾಕ್ಟರ್ ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ಇವರನ್ನು ಕಂಡರು. ಅಂದಿನಿಂದ ಅವರ ಅಂಗಡಿಗೆ ಹೋಗಿಬರತೊಡಗಿದರು. ಗಾಂಧೀಜಿಯವರ ಮನಸ್ಸನ್ನು ಸೆಳೆದುದು ಅವಧಾನವೂ ಅಲ್ಲ, ರತ್ನಪರೀಕ್ಷೆಯ ನೈಪುಣ್ಯವೂ ಅಲ್ಲ. ಶ್ರೀಮದ್‌ರ ಗದ್ದಿಗೆಯ ಮೇಲೆ ವಹಿಗಳ ಪಕ್ಕದಲ್ಲಿಯೇ ಒಂದು ಧರ್ಮಗ್ರಂಥವೂ ಅವರ ಸ್ವಂತ ದಿನಚರಿಯೂ ಸದಾ ಇರುತ್ತಿದ್ದುವು. ಗಿರಾಕಿಯೊಡನೆ ಮಾತು ಮುಗಿದ ಮರುಕ್ಷಣವೇ ಗ್ರಂಥವು ತೆರೆಯುತ್ತಿತ್ತು, ಇಲ್ಲವೇ ಲೇಖನಿಯು ದಿನಚರಿಯ ಮೇಲೆ ಓಡುತ್ತಿತ್ತು. ದೊಡ್ಡ ವ್ಯವಹಾರವನ್ನು ಮುಗಿಸಿದೊಡನೆಯೇ ಆತ್ಮದ ಗೂಢ ವಿಷಯಗಳನ್ನು ಬರೆಯಲು ಕುಳಿತುಕೊಳ್ಳುವವನು ವ್ಯಾಪಾರಿಯಲ್ಲ, ನಿಜವಾದ ಜಿಜ್ಞಾಸು ಎಂದು ಗಾಂಧೀಜಿಯವರು ನಿರ್ಣಯಿಸಿದರು. 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಧರ್ಮಸಂದೇಹಗಳು ಬಾಧಿಸಿದಾಗ 27 ಪ್ರಶ್ನೆಗಳನ್ನು ಬರೆದು ಉತ್ತರ ಬೇಡಿದುದು ಇವರಲ್ಲಿಯೇ.

ಅಂಗಡಿ ಮುಚ್ಚಿದ ಮೇಲೆ ಸ್ವಾಧ್ಯಾಯಕ್ಕೆ ಪುರುಸೊತ್ತೆಲ್ಲಿ ಎಂಬುದು ನಮ್ಮ ವರ್ತಕ ಸಮಾಜದಲ್ಲಿ ಸಾಮಾನ್ಯವಾದ ಮಾತು. ಶ್ರೀಮದ್‌ರು ಅಂಗಡಿ ಮುಚ್ಚುವವರೆಗೆ ಕಾಯಲೇ ಇಲ್ಲ. ಹಾಗೆಂದು ವ್ಯಾಪಾರದಲ್ಲಿ ಉದಾಸೀನರಾಗಿದ್ದವರೂ ಅಲ್ಲ. ಒಮ್ಮೆ ಒಬ್ಬ ವರ್ತಕನು ಅವರಿಗೆ ನಿಗದಿತ ಬೆಲೆಗೆ ರತ್ನಗಳನ್ನು ಒದಗಿಸುವುದಾಗಿ ಕರಾರು ಮಾಡಿಕೊಂಡಿದ್ದನು. ಅಷ್ಟರಲ್ಲಿ ಬೆಲೆಯು ಏರಿ, ಕರಾರಿನಂತೆ ನಡೆದರೆ ಅವನ ಮನೆಮಠ ಹೋಗುವ ಸ್ಥಿತಿ ಒದಗಿತು. ಶ್ರೀಮದ್‌ರು ತಾವೇ ಅವನಲ್ಲಿಗೆ ಹೋಗಿ ಆ ಕಾಗದವನ್ನು ಹರಿದುಹಾಕಿದರೆಂಬ ಪ್ರಸಂಗವು ಲೋಕಪ್ರಸಿದ್ಧವಾಗಿದೆ.

ಪ್ರತಿ ವರ್ಷವೂ ಕೆಲಕಾಲ ಅವರು ಮುಂಬಯಿಯನ್ನು ತೊರೆದು ಗುಜರಾತಿನ ರಾಲಜ, ವಡವಾ, ಉತ್ತರಸಂಡಾ ಮುಂತಾದ ಏಕಾಂತ ಸ್ಥಳಗಳಲ್ಲಿರುತ್ತಿದ್ದರು. ಈಡರದ ಗುಡ್ಡಗಳಲ್ಲಿ ಏಳು ಮಂದಿ ಮುನಿಗಳಿಗೆ ನೇಮಿಚಂದ್ರಾಚಾರ್ಯರ ದ್ರವ್ಯಸಂಗ್ರಹವನ್ನು ಉಪದೇಶಿಸಿದರು. ಮನೆಯವರನ್ನೂ ಪಾಲುದಾರರನ್ನೂ ನಡುನೀರಿನಲ್ಲಿ ಬಿಡಲಾರದೆ, ಸಂಸಾರತ್ಯಾಗದ ಹಂಬಲವನ್ನು ಅದುಮಿಕೊಂಡು ಗದ್ದಿಗೆಗೆ ಮರಳುತ್ತಿದ್ದ ಅವರ ವೇದನೆಯು ಪತ್ರಗಳಲ್ಲಿ ಕಂಡುಬರುತ್ತದೆ. ಆ ಪತ್ರಗಳೂ ಇತರ ಬರಹಗಳೂ ಸೇರಿ ಇಂದು ಒಂದು ಬೃಹದ್ಗ್ರಂಥವಾಗಿವೆ.

1896ರ ಆಶ್ವಯುಜದಲ್ಲಿ ನಡಿಯಾದಿನಲ್ಲಿದ್ದಾಗ, ಸಾಯಲಾದ ಸೌಭಾಗ್ಯಭಾಯಿಯವರ ಪ್ರಾರ್ಥನೆಯಂತೆ ‘ಆತ್ಮಸಿದ್ಧಿ’ ರಚಿತವಾಯಿತು. ಸಂಜೆಯ ತಿರುಗಾಟದಿಂದ ಬಂದು ಬರೆಯಲು ಕುಳಿತರು; ಶಿಷ್ಯ ಅಂಬಾಲಾಲರು ಕಂದೀಲು ಹಿಡಿದು ನಿಂತಿದ್ದರು. ಸುಮಾರು ಎರಡು ಗಂಟೆಗಳೊಳಗೆ 142 ಪದ್ಯಗಳು ಪೂರ್ಣವಾದುವು. ಎರಡು ಗಂಟೆಗಳೆಂದು ಹೇಳುತ್ತೇವೆ. ಅದರ ಹಿಂದೆ ಅಂಗಡಿಯಲ್ಲಿ ಉಳಿಸಿಕೊಂಡ ಎಷ್ಟು ವರ್ಷಗಳ ಕ್ಷಣಗಳಿದ್ದುವೋ!

ಶ್ವೇತಾಂಬರ ಪರಂಪರೆಯಲ್ಲಿ ಬೆಳೆದವರೆಂದು ನಮ್ಮಲ್ಲಿ ಕೆಲವರು ಇವರನ್ನು ದೂರದಲ್ಲಿಡುವುದುಂಟು. ಇದು ಸರಿಯಲ್ಲ. ಕುಂದಕುಂದಾಚಾರ್ಯರ ಪಂಚಾಸ್ತಿಕಾಯವನ್ನು ಗುಜರಾತಿಗೆ ತಂದವರು ಇವರು. ಪ್ರಾಚೀನ ಆಚಾರ್ಯರ ಗ್ರಂಥಗಳ ಮುದ್ರಣಕ್ಕೆಂದು 1900ರಲ್ಲಿ ಇವರ ಪ್ರೇರಣೆಯಿಂದ ಸ್ಥಾಪಿತವಾದ ಪರಮಶ್ರುತ ಪ್ರಭಾವಕ ಮಂಡಲವು ಎರಡು ಪರಂಪರೆಗಳ ಶಾಸ್ತ್ರಗಳನ್ನೂ ಪ್ರಕಟಿಸಿತು.

ಅಷ್ಟರಲ್ಲಿ ಅವರು ವ್ಯಾಪಾರದಿಂದ ನಿವೃತ್ತರಾಗಿದ್ದರು. ಆದರೆ ಮುನಿದೀಕ್ಷೆಯ ಬಯಕೆ ಕೈಗೂಡುವ ಮೊದಲೇ ಶರೀರವು ಕೃಶವಾಗುತ್ತಾ ಬಂದಿತು. 1901ರ ಏಪ್ರಿಲ್ 9ರಂದು ರಾಜಕೋಟೆಯಲ್ಲಿ, ತಾಯಿಯನ್ನು ನೋಡಿಕೊಳ್ಳುವಂತೆ ತಮ್ಮನಿಗೆ ತಿಳಿಸಿ, ಆತ್ಮಸ್ವರೂಪದಲ್ಲಿ ಲೀನರಾಗಿ ದೇಹವನ್ನು ಬಿಟ್ಟರು. ಆಗ ಅವರಿಗೆ ಕೇವಲ 33 ವರ್ಷ.

ನಮ್ಮ ನಾಡಿನ ಹಂಪೆಯಲ್ಲಿ, ತುಂಗಭದ್ರೆಯ ದಡದ ರತ್ನಕೂಟವೆಂಬ ಬಂಡೆಗುಡ್ಡದ ಮೇಲೆ ಇವರ ಹೆಸರಿನ ಆಶ್ರಮವಿದೆ. ಕಚ್ಛ ದೇಶದಿಂದ ಬಂದು ಅಲ್ಲಿಯ ಗುಹೆಗಳಲ್ಲಿ ಸಾಧನೆಗೈದ ಸಹಜಾನಂದಘನಜಿಯವರು ಅದನ್ನು ಸ್ಥಾಪಿಸಿ, 1970ರಲ್ಲಿ ಅಲ್ಲಿಯೇ ದೇಹವಿಟ್ಟರು. ಹಂಪೆಗೆ ಹೋಗುವ ಧರ್ಮಬಂಧುಗಳು ಹೇಮಕೂಟದ ಗುಡಿಗಳನ್ನು ನೋಡಿ ಹಿಂದಿರುಗುವ ಮುನ್ನ ಆ ಗುಡ್ಡವನ್ನೂ ಹತ್ತಿಬರಬಹುದು.